ಕೂತು ತಿನ್ನುವ ಕೆಲಸ

ಮೌಲ್ಯ ಹಂಚುವ ದಿನ ಯಾರೂ ತಡವಾಗಿ ಹೋಗಬಾರದು. ಕುರ್ಚಿ, ಸೋಫಾ ಮಾರುವ ಆ ದೊಡ್ಡ ಅಂಗಡಿಯ ಮಾಲೀಕರು ಅಂದು ಬೆಳಿಗ್ಗೆ ಎಲ್ಲಿಂದಲೋ ಒಬ್ಬ ಭಾಷಣಕಾರನನ್ನು ಕರೆಸಿದ್ದರು. ಆತ ಮೇಜಿನ ತುಂಬ ಒಂದೊಂದು ಗುಣದ ಹೆಸರು ಬರೆದ ಬಿಲ್ಲೆಗಳನ್ನು ಹರಡಿ, "ನಿಮ್ಮ ನಿಮ್ಮ ಜೀವನ ಮೌಲ್ಯ ಆರಿಸಿಕೊಳ್ಳಿ, ಎದೆಗೆ ಸಿಕ್ಕಿಸಿಕೊಳ್ಳಿ, ಅದರಂತೆ ಬಾಳಿ" ಎಂದ. ಬಸ್ಸು ತಪ್ಪಿಸಿಕೊಂಡ ಸಿಂಹಾಸನ ಎಂಬ ನೌಕರ ಓಡಿ ಬರುವಷ್ಟರಲ್ಲಿ ಉತ್ಸಾಹ, ನಗುಮುಖ, ಒಗ್ಗಟ್ಟು ಎಲ್ಲ ಖಾಲಿ. ಸಮಯಪಾಲನೆಯನ್ನೂ ಯಾರೋ ಎತ್ತಿಕೊಂಡಾಗಿತ್ತು. ಒಂದೇ ಒಂದು ಬಿಲ್ಲೆ ಉಳಿದಿತ್ತು: ಪ್ರಾಮಾಣಿಕತೆ.

"ಬೇರೆ ಯಾವುದೂ ಇಲ್ವಾ?"

"ಇಲ್ಲ. ಉಪಯೋಗಕ್ಕೆ ಬರೋದಾಗಿದ್ರೆ ಇದನ್ನೂ ಯಾಕೆ ಬಿಡ್ತಿದ್ವಿ?" ಎಂದಳು ಕ್ಯಾಷಿಯರಮ್ಮ, ಔದಾರ್ಯದ ಬಿಲ್ಲೆಯನ್ನು ಸರಿಮಾಡಿಕೊಳ್ಳುತ್ತಾ. ಚಿಲ್ಲರೆ ವಾಪಸು ಕೊಡುವಾಗಲೂ ಕರುಳು ಕಿತ್ತು ಕೊಡುವಂತೆ ಮುಖ ಮಾಡುವ ಹೆಂಗಸು ಅವಳು.

ಸಿಂಹಾಸನ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆ ಅಂಗಡಿಯಲ್ಲಿ ಅವನ ಕೆಲಸವೇ ಕೂರುವುದು. ಗಿರಾಕಿಯಂತೆ ಬಟ್ಟೆ ಹಾಕಿಕೊಂಡು, ಗಿರಾಕಿಯಂತೆ ಒಳಗೆ ಬಂದು, ಬೆನ್ನುನೋವಿನವರಿಗೆಂದೇ ಮಾಡಿದ ಆ ದುಬಾರಿ ಕುರ್ಚಿಯಲ್ಲಿ ಕೂತು, ಪಕ್ಕದಲ್ಲಿ ಯಾರಾದರೂ ಸುಳಿದರೆ "ಆಹಾ! ವರ್ಷದ ಬೆನ್ನುನೋವು ಕ್ಷಣದಲ್ಲಿ ಮಾಯ!" ಎಂದು ಕಣ್ಣು ಮುಚ್ಚುವುದು. ನಿಜ ಏನೆಂದರೆ, ಅವನಿಗೆ ಬೆನ್ನುನೋವು ಶುರುವಾದದ್ದೇ ಆ ಕುರ್ಚಿಯಿಂದ. ಮನೆಯಲ್ಲಿ ಮಾತ್ರ ಮೇಲಿನ ಮಹಡಿಯ ಗುಣಮಟ್ಟ ವಿಭಾಗದಲ್ಲಿದ್ದೇನೆ ಎಂದು ಹೇಳಿಕೊಂಡಿದ್ದ. ಹೇಳದೆ ಇನ್ನೇನು ಮಾಡಿಯಾನು? ಮಾವ ನಿವೃತ್ತ ಹೆಡ್‌ಮಾಸ್ತರು. "ಬಡವನಿಗೆ ಬೇಕಾದ್ರೂ ಮಗಳನ್ನ ಕೊಟ್ಟೇನು, ಸುಳ್ಳನಿಗೆ ಕೊಡಲ್ಲ" ಎಂದು ಮದುವೆಗೆ ಮುಂಚೆಯೇ ಗುಡುಗಿದ ಮನುಷ್ಯ.

"ಕಣ್ಮುಚ್ಚಿ. ಯಾರ ಮುಂದೆ ನಿಮಗೆ ನಾಚಿಕೆ ಆಗುತ್ತೋ ಅವರ ಮುಖ ನೆನೆಸಿಕೊಳ್ಳಿ" ಎಂದ ಭಾಷಣಕಾರ. ಎಲ್ಲರೂ ಸುಮ್ಮನೆ ಕಣ್ಣು ಮುಚ್ಚಿ ಒಂದು ತೂಕಡಿಕೆ ತೂಕಡಿಸಿದರು. ಸಿಂಹಾಸನ ಮಾತ್ರ ನಿಜವಾಗಿಯೂ ನೆನೆಸಿಕೊಂಡ. ಮಾವನ ಮುಖ, ದಪ್ಪ ಹುಬ್ಬು ಸಮೇತ, ಎದುರಿಗೆ ಬಂದು ನಿಂತಿತು. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ, ಇವತ್ತು ಒಂದು ದಿನವಾದರೂ ಸುಳ್ಳು ಹೇಳುವುದಿಲ್ಲ ಎಂದು ಆ ಪುಣ್ಯಾತ್ಮ ತೀರ್ಮಾನ ಮಾಡಿಬಿಟ್ಟ!

ಕುರ್ಚಿಯತ್ತ ಹೊರಟವನನ್ನು ಮ್ಯಾನೇಜರ್ ತಡೆದ. "ಏನ್ರೀ ಇದು? ಗಿರಾಕಿ ಯಾರಾದ್ರೂ ಬಿಲ್ಲೆ ಹಾಕ್ಕೊಂಡು ಬರ್ತಾರಾ? ಪ್ರಾಮಾಣಿಕತೆ ತೆಗೆದು ಒಳಗಿಡಿ."

ಸಿಂಹಾಸನ ಅದನ್ನು ಜೇಬಿಗೆ ಹಾಕಿಕೊಂಡು ಕೂತ. ಕೂತ ಕೂಡಲೇ ಒಬ್ಬ ದಡೂತಿ ಗಿರಾಕಿ ಬಂದು, "ಹೇಗಿದೆ ಸಾರ್ ಕುರ್ಚಿ?" ಎಂದ.

ಚೆನ್ನಾಗಿದೆ ಎಂದರೆ ಸುಳ್ಳು. ಕೆಟ್ಟದಾಗಿದೆ ಎಂದರೆ ಕೆಲಸ ಹೋಯಿತು. ಅತ್ತ ದರಿ, ಇತ್ತ ಪುಲಿ. ಬಹಳ ಹೊತ್ತು ತಿಣುಕಾಡಿ, "ನೋಡಿ, ನನ್ನ ಬೆನ್ನಿನ ಕಥೆ ನನಗೊಬ್ಬನಿಗೇ ಗೊತ್ತು" ಎಂದ. ಅದು ಅಪ್ಪಟ ಸತ್ಯ.

"ಅನುಭವಸ್ಥರ ಮಾತು!" ಎಂದು ದಡೂತಿಯವನು ತನಗೊಂದು, ತಮ್ಮನಿಗೊಂದು ಕುರ್ಚಿ ಕೊಂಡ. ಮ್ಯಾನೇಜರ್ ದೂರದಿಂದ ಹೆಬ್ಬೆರಳೆತ್ತಿದ. ಸಿಂಹಾಸನನ ಲೆಕ್ಕವೇ ಬೇರೆ. ಸತ್ಯ ಹೇಳಿಯೂ ಇಬ್ಬರ ಸೊಂಟ ಮುರಿದ ಪಾಪ ಬಂತಲ್ಲ! ನೀರು ಕುಡಿದು ಬರುತ್ತೇನೆಂದು ಎದ್ದು ಹೋದ.

ನೀರು ಕುಡಿದು ವಾಪಸು ಬರುತ್ತಾ ನೋಡುತ್ತಾನೆ, ಅದೇ ಕುರ್ಚಿಯಲ್ಲಿ ಮಾವ!

ಸರಕ್ಕನೆ ಒಂದು ಬೀರುವಿನ ಹಿಂದೆ ಸರಿದ. ಮಾವ ಹಾಯಾಗಿ ಒರಗಿ, ಹುಬ್ಬು ಏರಿಸಿ, "ಆಹಾ... ಬೆನ್ನಿಗೆ ಎಷ್ಟು ಹಿತ" ಎನ್ನುತ್ತಿದ್ದರು. ಸುತ್ತ ನಾಲ್ಕಾರು ಗಿರಾಕಿಗಳು ಕಣ್ಣರಳಿಸಿ ನಿಂತಿದ್ದರು. ಬೀರುವಿನ ಬಾಗಿಲು ಒರೆಸುವ ನೆಪದಲ್ಲಿ ಬಂದ ಕ್ಯಾಷಿಯರಮ್ಮ, "ಮುದುಕಪ್ಪ ಮನಸೋತು ಹೋಗಿದಾರೆ. ಇನ್ನೇನು ತಗೊಳ್ತಾರೆ. ನೀವು ಹೋಗಿ ಒಂದು ಒಗ್ಗರಣೆ ಹಾಕಿ" ಎಂದಳು.

"ಅವರು ನಮ್ಮ ಮಾವ ಕಣಮ್ಮಾ!"

"ಹಾಗಾದ್ರೆ ಇನ್ನೂ ಒಳ್ಳೇದು. ಮನೆಯವರ ಮಾತು ನಂಬ್ತಾರೆ."

ಇವಳ ಔದಾರ್ಯಕ್ಕಿಷ್ಟು ಬೆಂಕಿ ಹಾಕ! ಎದುರಿಗೆ ಹೋದರೆ ಗುಣಮಟ್ಟ ವಿಭಾಗದ ಬಣ್ಣ ಬಯಲಾಗುತ್ತದೆ. ಹೋಗದಿದ್ದರೆ ಆ ವಯಸ್ಸಾದ ಬೆನ್ನು ತಿಂಗಳೊಪ್ಪತ್ತಿನಲ್ಲಿ ಹಾಸಿಗೆ ಹಿಡಿಯುತ್ತದೆ. ಮಾವ ಎಷ್ಟೇ ಗುಡುಗಲಿ, ಹೆಂಡತಿಯ ಹೆತ್ತ ತಂದೆ. ಸಿಂಹಾಸನ ಹಲ್ಲು ಕಚ್ಚಿ ಮುನ್ನುಗ್ಗಿದ.

"ಮಾವ, ಏಳಿ ಅಲ್ಲಿಂದ!"

ಮಾವ ಅವನನ್ನು ಕಂಡು ಬೆಚ್ಚಿಬಿದ್ದರು. ಹುಬ್ಬು ಕುಣಿಸಿದರು, ಕಣ್ಣು ಹೊಡೆದರು, ಕೈ ಅಲ್ಲಾಡಿಸಿದರು. ಪಾಪ, ಬೆನ್ನು ಆಗಲೇ ಹಿಡಿದುಕೊಂಡಿದೆ ಎಂದುಕೊಂಡ ಅಳಿಯ ಇನ್ನೂ ಜೋರಾಗಿ ಹೇಳಿದ: "ಈ ಕುರ್ಚಿ ಕುರ್ಚಿಯಲ್ಲ ಮಾವ, ಯಮ! ನಾನು ಗುಣಮಟ್ಟ ವಿಭಾಗದಲ್ಲಿಲ್ಲ. ಇದರಲ್ಲಿ ಕೂತು 'ಆಹಾ' ಅನ್ನೋಕೆ ನನಗೆ ಸಂಬಳ. ಇಷ್ಟು ವರ್ಷ ನಿಮಗೆ ಸುಳ್ಳು ಹೇಳಿದೆ. ಬೇಕಾದ್ರೆ ಎಲ್ಲರ ಮುಂದೆ ಉಗೀರಿ, ಆದ್ರೆ ಇದನ್ನ ಮಾತ್ರ ತಗೋಬೇಡಿ!"

ನಿಂತಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಬಾಗಿಲ ಕಡೆ ಜಾರಿದರು. ಸಿಂಹಾಸನನ ಎದೆ ಹಗುರಾಯಿತು. ಇನ್ನು ಮಾವ ಎದ್ದು ಬಂದು ತಬ್ಬಿಕೊಳ್ಳುತ್ತಾರೆ ಎಂದು ಕಾದ. ಬಂದವರು ಮಾಲೀಕರು.

"ಹಾಳಾದವನೇ! ನಿನ್ನ ಮುಖ ನೋಡಿ ಜನ ನಂಬ್ತಿಲ್ಲ ಅಂತ, ಮರ್ಯಾದಸ್ಥರ ಮುಖ ಇರೋರನ್ನ ಹುಡುಕಿ ನಿನ್ನೆ ತಾನೇ ಕೆಲಸಕ್ಕೆ ತಗೊಂಡಿದೀನಿ. ಮೊದಲನೇ ದಿನ, ಮೊದಲನೇ ಕೂರಾಟ, ಹಾಳು ಮಾಡಿಬಿಟ್ಯಲ್ಲೋ!"

ಸಿಂಹಾಸನ ಬಾಯಿ ತೆರೆದುಕೊಂಡು ಮಾವನತ್ತ ನೋಡಿದ. ಮಾವ ಚಾವಣಿಯ ಫ್ಯಾನನ್ನು ನೋಡುತ್ತಿದ್ದರು.

"ನಿನ್ನ ಕೆಲಸ ಇವತ್ತಿಗೆ ಮುಗೀತು. ಮೇಷ್ಟ್ರೇ, ನೀವು ನಾಳೆ ಬೇಗ ಬನ್ನಿ. ಏನು ಚೆನ್ನಾಗಿ ಕೂರ್ತೀರಿ ನೀವು!"

ದಾರಿಯಲ್ಲಿ ಮಾವ ಅಳಿಯನ ಕೈ ಹಿಡಿದುಕೊಂಡರು. "ಮಗನ ಮನೇಲಿ ಸೊಸೆ ಕೂರೋಕೇ ಬಿಡಲ್ಲಪ್ಪ, ಅದು ತಗೊಂಡು ಬನ್ನಿ, ಇದು ಕೊಟ್ಟು ಬನ್ನಿ. ಇಲ್ಲಿ ಕೂರೋದೇ ಕೆಲಸ. ನಿನ್ನ ಹೆಂಡತಿಗೆ ನಾನಂದ್ರೆ ದೇವರು. ಅವಳ ಹತ್ರ ಬಾಯಿ ಬಿಡಲ್ಲ ಅಂತ ಮಾತು ಕೊಡು." ಕಣ್ಣಲ್ಲಿ ನೀರಿತ್ತು. ಪ್ರಾಮಾಣಿಕನಾಗಿರಬೇಕು ಎಂದು ಬೆಳಿಗ್ಗೆಯಷ್ಟೇ ತೀರ್ಮಾನಿಸಿದ್ದ ಮೂರ್ಖ, ಮಾತು ಕೊಟ್ಟ.

ಮನೆಯಲ್ಲಿ ಸುದ್ದಿ ಕೇಳಿದ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಕೆಲಸ ಹೋಯ್ತಾ? ಯಾಕೆ ಹೋಯ್ತು? ಬಾಯಿ ಬಿಡಿ!"

ಸಿಂಹಾಸನ ಬಾಯಿ ಬಿಡಲಿಲ್ಲ. ಗೋಡೆ ನೋಡಿದ, ನೆಲ ನೋಡಿದ, ಕೊನೆಗೆ ಜೊತೆಯಲ್ಲೇ ಬಂದಿದ್ದ ಮಾವನನ್ನು ನೋಡಿದ. ಮಾವ ಒಮ್ಮೆ ಗಂಟಲು ಸರಿಮಾಡಿಕೊಂಡರು.

"ಅವನನ್ನ ಬೈಬೇಡಮ್ಮ. ಏನೋ ಸುಳ್ಳು ಹೇಳಿ ಸಿಕ್ಕಿಹಾಕಿಕೊಂಡನಂತೆ."

"ಥೂ, ನಿಮ್ಮ!" ಹೆಂಡತಿ ಹಣೆ ಚಚ್ಚಿಕೊಂಡಳು. "ನಮ್ಮಪ್ಪನ್ನ ನೋಡಿಯಾದ್ರೂ ಕಲೀಬಾರ್ದಾ?"