ಸರಿಹೋಗಿ ಮನೆ ಕೆಡಿಸಿದ ಗಿಟಾರ್ ಪೆಡಲ್‌ಗೆ ಒಂದು ದೂರು

ಮಾನ್ಯ ಓವರ್‌ಡ್ರೈವ್ ಪೆಡಲ್ ಅವರೇ,

ತಮ್ಮ ಮೂರು ನಾಬುಗಳಿಗೂ, ಒಂದು ಕೆಂಪು ದೀಪಕ್ಕೂ, ಹೊಟ್ಟೆಯೊಳಗಿನ ಬ್ಯಾಟರಿಗೂ ಕ್ಷೇಮ ಕೋರುತ್ತಾ, ತಮ್ಮನ್ನು ಸ್ವಂತ ಕೈಯಿಂದ ತಯಾರಿಸಿದ ಗಡಿಯಾರ ರಿಪೇರಿಯವನು ಮಾಡುವ ಸವಿನಯ ನಮಸ್ಕಾರಗಳು.

ಮೂವತ್ತು ವರ್ಷಗಳಿಂದ ಕೆಟ್ಟದ್ದನ್ನು ಸರಿಮಾಡುವುದೇ ನನ್ನ ಕಸುಬು ಎಂಬುದು ತಮಗೆ ತಿಳಿದೇ ಇದೆ. ಗಿಟಾರ್ ನುಡಿಸುವ ನನ್ನ ಹೆಂಡತಿ ಒಂದು ದಿನ, "ರೀ, ನನ್ನ ಗಿಟಾರು ತುಂಬಾ ಸಭ್ಯವಾಗಿ ಕೇಳ್ಸತ್ತೆ, ಅದಕ್ಕೆ ಸ್ವಲ್ಪ ಗಂಟಲು ಕಟ್ಟಿಸಿಕೊಡಿ" ಎಂದಾಗ, ದನಿಯನ್ನು ಒರಟಾಗಿಸುವ ಪೆಡಲನ್ನು ಅಂಗಡಿಯಿಂದ ತರುವುದು ಬಿಟ್ಟು, ನಾನೇ ನಕ್ಷೆ ಬರೆದು, ಬೆರಳು ಸುಟ್ಟುಕೊಂಡು ಬೆಸುಗೆ ಹಾಕಿ, ಸ್ನಾನದ ಮನೆಯ ಪ್ಲಾಸ್ಟಿಕ್ ಸೋಪು ಡಬ್ಬಿಯಲ್ಲಿ ತಮ್ಮನ್ನು ಪ್ರತಿಷ್ಠಾಪಿಸಿದೆ. ಅಂದಿನಿಂದ ಮನೆಯವರೆಲ್ಲರ ಸೋಪು ಕಿಟಕಿಯ ಅಂಚಿನಲ್ಲಿ ಕರಗುತ್ತಿದೆ.

ಗ್ರಂಥಾಲಯದ ಸಭಾಂಗಣದಲ್ಲಿ ಆಕೆಯ ನಾಲ್ವರು ಹೆಂಗಸರ ತಂಡದ ಮೊದಲ ಕಾರ್ಯಕ್ರಮವಿದ್ದ ಸಂಜೆ, ಆಕೆ ಬಹಳ ಶೋಕದ ಹಾಡೊಂದರ ನಡುವೆ ತಮ್ಮನ್ನು ಕಾಲಿನಿಂದ ಒತ್ತಿದಾಗ, ತಾವು ಗಿಟಾರಿನ ದನಿಯನ್ನು ಒರಟಾಗಿಸಿದ್ದಷ್ಟೇ ಅಲ್ಲದೆ, ಎದುರು ಕಟ್ಟಡದ ಟ್ಯಾಕ್ಸಿ ಕಚೇರಿಯ ವೈರ್‌ಲೆಸ್ಸನ್ನೂ ಹಿಡಿದು, "ಏಳನೇ ನಂಬರ್ ಗಾಡಿ, ಎಲ್ಲಿ ಸಾಯ್ತಿದ್ದೀಯಪ್ಪಾ?" ಎಂದು ತುಂಬಿದ ಸಭೆಗೆ ಕೇಳಿಸಿದಿರಿ. ಭೂಮಿ ಬಾಯಿ ಬಿಡಬಾರದೇ ಎಂದು ನಾನು ಕುರ್ಚಿಯಲ್ಲಿ ಕುಗ್ಗಿಹೋದೆ. ನನ್ನ ಹೆಂಡತಿಯಾದರೋ ಎದೆಗುಂದದೆ, ಅದೇ ರಾಗದಲ್ಲಿ, "ಬಂದೆ ಬಂದೆ, ತಿರುವಿನಲ್ಲೇ ಇದ್ದೀನಿ" ಎಂದು ಹಾಡಿದಳು; ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಆ ಚಪ್ಪಾಳೆಯನ್ನು ನನಗೆ ಸಹಿಸಲಾಗಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ನನ್ನ ಕೈಯ ಕೆಲಸದಲ್ಲಿ ತಪ್ಪೊಂದು ಉಳಿದಿದೆ ಎಂಬ ಕೊರಗಿನಲ್ಲಿ ಒಂದು ವಾರ ಊಟ ರುಚಿಸದೆ, ಯಾರನ್ನೂ ಕೇಳದೆ ತಮ್ಮನ್ನು ತಗಡಿನ ಡಬ್ಬಿಗೆ ಬದಲಾಯಿಸಿ, ಒಳಬರುವ ತಂತಿಗೆ ಪುಟ್ಟ ಕೆಪಾಸಿಟರ್ ಒಂದನ್ನು ಕಟ್ಟಿ, ಹೊರಗಿನ ಮಾತೆಲ್ಲ ಹೊರಗೇ ನಿಲ್ಲುವಂತೆ ಮಾಡಿದೆ. ಅದೇ ಸಭಾಂಗಣದಲ್ಲಿ ನಡೆದ ಎರಡನೇ ಕಾರ್ಯಕ್ರಮಕ್ಕೆ ಊರಿಗೂರೇ ಬಂದಿತ್ತು. ಹೇಳಿದ ಮಾತು ಕೇಳುವ ಸೊಸೆಯಂತೆ ತಾವು ಗಿಟಾರನ್ನು ಮಾತ್ರ ನುಡಿಸಿದಿರಿ. ಹಿಂದಿನ ಸಾಲಿನಿಂದ ಯಾರೋ, "ಟ್ಯಾಕ್ಸಿ ಎಲ್ರೀ?" ಎಂದು ಕೂಗಿದರು. ಹೆಂಡತಿ ತಮ್ಮನ್ನು ಮೂರು ಸಲ ತುಳಿದಳು, ನಂತರ ನನ್ನ ಕಡೆ ನೋಡಿದಳು. ಆ ನೋಟದ ಮುಂದೆ ತಮಗಾದ ತುಳಿತ ಏನೇನೂ ಅಲ್ಲ. ಮನೆಗೆ ಬರುವ ದಾರಿಯಲ್ಲಿ ಆಕೆ ಆಡಿದ್ದು ಒಂದೇ ಮಾತು: "ಸರಿಮಾಡಿ ಅಂತ ನಿಮ್ಮನ್ನ ಯಾರು ಕೇಳಿದ್ರು?"

ಆದ್ದರಿಂದ ಮಾನ್ಯರೇ, ತಮ್ಮನ್ನು ಮತ್ತೆ ಕೆಡಿಸಲು ಹತ್ತು ದಿನಗಳಿಂದ ಪಡುತ್ತಿರುವ ಪಾಡನ್ನು ತಾವೇ ಬಲ್ಲಿರಿ. ಕೆಪಾಸಿಟರ್ ಕಿತ್ತೆ, ತಂತಿ ಸಡಿಲಿಸಿದೆ, ಸೋಪು ಡಬ್ಬಿಗೇ ಮರಳಿಸಿದೆ, ಟ್ಯಾಕ್ಸಿ ಕಚೇರಿಯ ಬಾಗಿಲಿಗೇ ಒಯ್ದು ಹಿಡಿದೆ; ತಾವು ಮಾತ್ರ ಹಟ ಹಿಡಿದು ನಿರ್ದೋಷಿಯಾಗಿಯೇ ಉಳಿದಿದ್ದೀರಿ. ಮುಂದಿನ ಶನಿವಾರ ಸಂಜೆ ಆರರ ಮೂರನೇ ಕಾರ್ಯಕ್ರಮದಲ್ಲಿ, ಆ ಶೋಕದ ಹಾಡಿನ ಎರಡನೇ ಚರಣ ಮುಗಿದ ಕೂಡಲೇ, ಅರ್ಧ ನಿಮಿಷ ಮಾತ್ರ ದಯಮಾಡಿ ಕೆಟ್ಟುಹೋಗಬೇಕೆಂದು ಕೈಮುಗಿದು ಪ್ರಾರ್ಥಿಸುತ್ತೇನೆ.

ಇಂತಿ, ಕೆಡಿಸಲು ಬಾರದೆ ಕಂಗೆಟ್ಟ
ತಮ್ಮ ವಿಶ್ವಾಸಿ,
ಗಡಿಯಾರ ರಿಪೇರಿಯವನು

ವಿ.ಸೂ.: ತಾವು ಒಪ್ಪದಿದ್ದರೂ ಚಿಂತೆಯಿಲ್ಲ. ಹೊಸ ಪೆಡಲ್ ಮಾಡುವ ಕೆಲಸವನ್ನು ಹೆಂಡತಿ ತನ್ನ ತಮ್ಮನಿಗೆ ಒಪ್ಪಿಸಿದ್ದಾಳೆ. ಆತ ಕೈಯಿಟ್ಟ ಯಾವ ವಸ್ತುವೂ ಇಂದಿನವರೆಗೆ ನೆಟ್ಟಗೆ ನಡೆದಿಲ್ಲವಾದ್ದರಿಂದ, ಇಡೀ ತಂಡಕ್ಕೆ ಆತನ ಮೇಲೆ ಅಪಾರ ಭರವಸೆಯಿದೆ.