ನಮ್ಮ ಕಾಕಾನ ಒಂದೇ ಬೈಠಕ್

ನಮ್ಮ ಕಾಕಾನಿಗೆ ‘ನಾಳೆ’ ಎಂಬುದರ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಹಾಗೆಂದು ಅವನು ವೇದಾಂತಿಯೇನಲ್ಲ. ಅಕ್ಕಲಕೋಟೆಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದು ನಿವೃತ್ತನಾದವನು, ಬ್ರಹ್ಮಚಾರಿ, ಬಾಡಿಗೆಯ ಒಂದೇ ಖೋಲಿಯ ಸಾರ್ವಭೌಮ. ಉಳಿದ ಚಿತ್ರಕಾರರು ಎಣ್ಣೆಬಣ್ಣ ಬಳಿದು, ಒಣಗಲು ದಿನಗಟ್ಟಲೆ ಬಿಟ್ಟು, ಮತ್ತೆ ಬಳಿಯುತ್ತಾರಂತೆ. ಕಾಕಾನ ಕಾಯದೆಯೇ ಬೇರೆ. ಹಸಿಯ ಮೇಲೆ ಹಸಿ ಬಳಿದು ಒಂದೇ ಬೈಠಕಿನಲ್ಲಿ ಚಿತ್ರ ಮುಗಿಯಬೇಕು. ಅವನೂ ಏಳುವಂತಿಲ್ಲ, ಎದುರು ಕೂತವರೂ ಏಳುವಂತಿಲ್ಲ. ಎದ್ದರೆ ಎಷ್ಟಾಗಿದೆಯೋ ಅಷ್ಟೇ ಚಿತ್ರ!

ಸೋಲಾಪುರದ ನವಿ ಪೇಠದಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಶೇಟಜಿ ಇದನ್ನು ಚೇಷ್ಟೆ ಎಂದುಕೊಂಡರು. ಕಾಕಾ ಅವರ ಅಂಗಡಿಯಲ್ಲೇ ಕೂತು, ಗದ್ದದಿಂದ ಶುರುಮಾಡಿ ಹುಬ್ಬಿನ ತನಕ ಬಂದಿದ್ದ. ಅಷ್ಟರಲ್ಲಿ ಬಾಗಿಲಲ್ಲಿ ಗಿರಾಕಿಯ ದನಿ. ಶೇಟಜಿ ಕೂತಿರುತ್ತಾರೆಯೇ? ಎದ್ದೇಬಿಟ್ಟರು. ಕಾಕಾ ಕುಂಚ ಒರೆಸಿ ಚೀಲಕ್ಕೆ ಹಾಕಿದ.

“ಮಾಸ್ತರ, ತಲಿ ಉಳದದಲ್ರಿ.”

“ತಲಿ ನೀವ ಗಿರಾಕಿ ಕಡೆ ಒಯ್ದ್ರಲ್ಲ.”

ಕೊನೆಗೆ ಶೇಟಜಿ ಚಿತ್ರದ ಮೇಲೊಂದು ಮೊಳೆ ಹೊಡೆದು ತಲೆಗೆ ಸುತ್ತುವ ನಿಜವಾದ ಫೇಟಾವನ್ನೇ ತೂಗುಹಾಕಿದರು. ಅದಕ್ಕೂ ಗಿರಾಕಿಗಳು ದರ ಕೇಳುತ್ತಿದ್ದರು!

ಮುಂದೆ ಸಿಕ್ಕಿಬಿದ್ದವಳು ನಮ್ಮ ಅತ್ಯಾ, ಅಂದರೆ ಕಾಕಾನ ಅಕ್ಕ. ಶೇಂಗಾ ಚಟ್ನಿ ಕೊಟ್ಟು ಬರಲು ಹೋದವಳನ್ನು ಕಾಕಾ ಕುರ್ಚಿಯಲ್ಲಿ ಕೂರಿಸಿದ. ಮಧ್ಯಾಹ್ನಕ್ಕೆ ಆಕೆ ಕೂತಲ್ಲೇ ನಿದ್ದೆಹೋದಳು. ಎಬ್ಬಿಸಿದರೆ ಬೈಠಕ್ ಮುರಿಯುತ್ತದಲ್ಲ! ಕಾಕಾ ಕಂಡದ್ದನ್ನೇ ಬರೆದ: ಮುಚ್ಚಿದ ಕಣ್ಣು, ತೆರೆದ ಬಾಯಿ. ಆ ಚಿತ್ರ ಅತ್ಯಾನ ಮನೆಯ ಗೋಡೆಗೇರಿದ ದಿನ, ಕಿಟಕಿಯಿಂದ ಕಂಡ ನೆರೆಯವರು ಗಾಬರಿಯಾಗಿ ಸಮಾಧಾನ ಹೇಳಲು ಬಂದರು. ಅವರಿಗೆ ಚಹಾ ತಂದುಕೊಟ್ಟವಳು ಅತ್ಯಾನೇ!

ಇಷ್ಟಾದ ಮೇಲೆ ಅಕ್ಕಲಕೋಟೆಗೆ ಯಾರು ಹೋಗುತ್ತಾರೆ? ‘ಬಂದು ಹೋಗ್ರಿ’ ಎಂದು ಕಾಕಾನ ಕಾರ್ಡು ಬಂದರೆ ಸಾಕು, ಮನೆಯಲ್ಲಿ ಎಲ್ಲರಿಗೂ ಒಮ್ಮೆಲೇ ಕೆಲಸ ನೆನಪಾಗುತ್ತಿತ್ತು. ಎಪ್ಪತ್ತರ ದಶಕದ ಮಾತು; ನಾನು ಸೋಲಾಪುರದಲ್ಲಿ ಹೊಸದಾಗಿ ಗುಮಾಸ್ತನಾಗಿದ್ದೆ. ರಜೆಯಿಲ್ಲವೆಂದು ಎರಡು ವರ್ಷ ತಪ್ಪಿಸಿಕೊಂಡೆ. ಪ್ರತಿ ರವಿವಾರ ಕಚೇರಿ ಮುಚ್ಚಿರುತ್ತದೆಂಬುದು ಕಾಕಾನಿಗೂ ಗೊತ್ತಿತ್ತು. ಅವನೆಂದೂ ಅದನ್ನು ಎತ್ತಿ ಆಡಲಿಲ್ಲ.

ಕೊನೆಗೊಂದು ರವಿವಾರ ಅಪ್ಪನ ಒತ್ತಾಯಕ್ಕೆ ಬೆಳಗಿನ ಬಸ್ಸು ಹತ್ತಿ ಹೋದೆ. ನಾಲ್ಕು ಗಂಟೆಯ ಬಸ್ಸಿಗೆ ಮರಳಬೇಕೆಂದು ಬಾಗಿಲಲ್ಲೇ ಹೇಳಿಬಿಟ್ಟೆ. ಕಾಕಾ ನನ್ನನ್ನು ಕೂರಿಸಿ ಕುಂಚ ಹಿಡಿದ, ಜೊತೆಗೆ ಮಾತೂ ಶುರುಮಾಡಿದ. ಅಮ್ಮನ ಮೊಣಕಾಲು, ಅಪ್ಪನ ಕೆಮ್ಮು, ನನ್ನ ಸಾಹೇಬರ ಸ್ವಭಾವ, ಒಂದನ್ನೂ ಬಿಡಲಿಲ್ಲ.

ಅವನ ಬೆನ್ನ ಹಿಂದಿನ ಗೋಡೆಯಲ್ಲಿ ಕನ್ನಡಿಯೊಂದಿತ್ತು. ಹನ್ನೆರಡರ ಸುಮಾರಿಗೆ ಅದರಲ್ಲಿ ಚಿತ್ರ ಕಂಡಿತು. ನಾನು ಪೂರ್ತಿ ಆಗಿದ್ದೆ! ಕನ್ನಡಕದ ಹೊಳಪು ಕೂಡ ಬಂದಿತ್ತು. ಇನ್ನೇನು ಏಳಬೇಕು, ಕಾಕಾ ಚಿಂದಿ ಬಟ್ಟೆ ತೆಗೆದುಕೊಂಡು ನನ್ನ ಮೂಗನ್ನು ಮೆಲ್ಲಗೆ ಒರೆಸಿಹಾಕಿದ. ಹಸಿ ಬಣ್ಣ, ಎದ್ದುಬಂತು.

“ಮೂಗು ಇನ್ನೂ ಕುಂತಿಲ್ಲ ನೋಡು,” ಎಂದು ಮತ್ತೆ ಮೂಗು ಬರೆದ. ಅಮ್ಮನ ಮೊಣಕಾಲನ್ನು ಮತ್ತೆ ವಿಚಾರಿಸಿದ. ಮೂಗು ಮುಗಿಯಿತು, ಗದ್ದ ಒರೆಸಿದ. ಗದ್ದ ಮುಗಿಯಿತು, ಮತ್ತೆ ಮೂಗು.

ಚಿತ್ರ ಮುಗಿದರೆ ನಾನು ಏಳುತ್ತೇನೆ, ಎದ್ದರೆ ಹೋಗುತ್ತೇನೆ. ಇಷ್ಟು ವರ್ಷ ಅವನ ಕಾಯದೆಗೆ ನಗುತ್ತಿದ್ದ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು.

ಮೂರೂಮುಕ್ಕಾಲಿಗೆ ಕಾಕಾ ತಾನೇ ಕುಂಚ ಕೆಳಗಿಟ್ಟ. “ಆತು. ಏಳಪಾ, ಬಸ್ ತಪ್ಪತದ,” ಎಂದ.

ಎದ್ದು ಹೋಗಿ ನೋಡಿದೆ. ನಾನು ಅಷ್ಟು ಚೆಂದ ಎಂದೂ ಇರಲಿಲ್ಲ. ಅವನ ಕೈಯಿಂದ ಚಿಂದಿ ತೆಗೆದುಕೊಂಡು ಎಡಗಿವಿಯನ್ನು ಒರೆಸಿದೆ.

“ಈ ಕಿವಿ ನಂದಲ್ಲ ಕಾಕಾ. ಸರಿ ಮಾಡು. ನಾ ಮುಂದಿನ ಬಸ್ಸಿಗೆ ಹೋಗ್ತೀನಿ,” ಎಂದು ಮತ್ತೆ ಕುರ್ಚಿಯಲ್ಲಿ ಕೂತೆ.

 ಕಾಕಾ, “ಹಂಗಾದ್ರ ಚಹಾ ಇಡ್ತೀನಿ,” ಎಂದು ಎದ್ದು ಸ್ಟೋವ್ ಹಚ್ಚಿದ. ಎರಡನೆಯ ಕಪ್ಪು ಎಲ್ಲಿಟ್ಟಿದ್ದಾನೆಂಬುದು ಮಾತ್ರ ಅವನಿಗೆ ಬಹಳ ಹೊತ್ತು ನೆನಪಾಗಲಿಲ್ಲ.