ಅಳತೆ ತೆಗೆಯದ ಕಾರು

ಹೆಂಡತಿಗೆ ಡ್ರೈವಿಂಗ್ ಲೈಸೆನ್ಸ್ ಬಂದ ದಿನ ಟೈಲರ್ ಮಾಸ್ಟರು ಊಟ ಮುಗಿಸಿ ಎದ್ದು ನಿಂತು, ಯುದ್ಧಕ್ಕೆ ಹೊರಟ ಸೇನಾಪತಿಯ ಗಾಂಭೀರ್ಯದಲ್ಲಿ ಒಂದು ಘೋಷಣೆ ಮಾಡಿದರು. ಇನ್ನು ಕಾರಿನ ಚಿಂತೆ ಈ ಮನೆಯಲ್ಲಿ ಯಾರೂ ಮಾಡಬೇಕಾಗಿಲ್ಲ, ಆ ಹೊಣೆಯನ್ನು ತಾವು ಹೊತ್ತಿದ್ದಾಗಿದೆ ಎಂಬುದು ಅದರ ಸಾರ. ಘೋಷಣೆ ಮುಗಿಸಿ ಕೈ ತೊಳೆಯಲು ಹೋದರು. ಹೊತ್ತ ಹೊಣೆಯಲ್ಲಿ ಉಂಡ ತಟ್ಟೆ ಸೇರಿರಲಿಲ್ಲವಾದ್ದರಿಂದ ಅದು ಅಲ್ಲೇ ಉಳಿಯಿತು.

ಆ ಮನೆಯಲ್ಲಿ ವಸ್ತುಗಳನ್ನು ಆರಿಸುವುದು ಮಾಸ್ಟರ ಕೆಲಸ, ಬಳಸುವುದು ಹೆಂಡತಿಯ ಕೆಲಸ. ಬಟ್ಟೆ ಒಗೆಯುವ ಯಂತ್ರವನ್ನು ಆರಿಸಿದವರು ಅವರೇ. ಅದರ ಯಾವ ಗುಂಡಿ ಒತ್ತಿದರೆ ನೀರು ಬರುತ್ತದೆಂಬುದು ಮಾತ್ರ ಅವರಿಗೆ ಇಂದಿಗೂ ಗೊತ್ತಿಲ್ಲ. ಗ್ಯಾಸ್ ಒಲೆಯನ್ನೂ ಅವರೇ ಆರಿಸಿದ್ದರು, ಗಾಜಿನ ಮೈಯದು, ನೋಡಲು ಚಂದ. ಅದರ ಮೇಲೆ ಹಾಲು ಉಕ್ಕಿದರೆ ಒರೆಸುವುದು ಎಷ್ಟು ಕಷ್ಟ ಎಂದು ಹೆಂಡತಿ ಹೇಳಿದಾಗ, ಹಾಲು ಉಕ್ಕದ ಹಾಗೆ ನೋಡಿಕೊಳ್ಳಬೇಕು ಎಂದು ತಾಂತ್ರಿಕ ಸಲಹೆ ಕೊಟ್ಟಿದ್ದರು.

ಅಂಗಡಿಯಲ್ಲಿ ಮಾತ್ರ ಅವರು ಬೇರೆಯೇ ಮನುಷ್ಯ. ಸೂಟು ಹೊಲಿಯುವುದರಲ್ಲಿ ಪೇಟೆಗೆಲ್ಲ ಹೆಸರಾದವರು. ಯಾರಾದರೂ ಹಳೇ ಪ್ಯಾಂಟು ತಂದು ಇದೇ ಅಳತೆಗೆ ಹೊಲಿಯಿರಿ ಎಂದರೆ ಹಿಂದಕ್ಕೆ ಕೊಟ್ಟುಬಿಡುತ್ತಿದ್ದರು. “ಪ್ಯಾಂಟಿಗೆ ಪ್ಯಾಂಟು ಹೊಲಿಯಲ್ಲ ನಾನು, ಮನುಷ್ಯನಿಗೆ ಹೊಲಿಯೋದು. ಅವರನ್ನೇ ಕರ್ಕೊಂಡು ಬನ್ನಿ.” ಹೀಗೆ ಮದುಮಗನ ಅಪ್ಪನನ್ನೂ ಮೆಟ್ಟಿಲಿಳಿಸಿ ಕಳಿಸಿದ ಕೀರ್ತಿ ಅವರದು.

ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬೆಳಗಿನ ಜಾವ ಮನೆಮನೆಗೆ ಹೋಗಿ ರಕ್ತ ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು ತರುವುದು ಆಕೆಯ ಪಾಲಿನದು. ಇಷ್ಟು ದಿನ ಬಸ್ಸಿನಲ್ಲೇ ಓಡಾಟ, ಪೆಟ್ಟಿಗೆ ತೊಡೆಯ ಮೇಲೆ. ಪಕ್ಕದವರು ಒಳಗೇನಿದೆ ಎಂದು ಕೇಳುತ್ತಿದ್ದರು, ಆಕೆ ನಿಜ ಹೇಳುತ್ತಿದ್ದಳು, ಮುಂದಿನ ಸ್ಟಾಪಿನ ಹೊತ್ತಿಗೆ ಪಕ್ಕದ ಸೀಟು ಖಾಲಿಯಾಗುತ್ತಿತ್ತು. ಈಗ ಗುಡ್ಡದ ಕಡೆಯ ಬಡಾವಣೆಗಳಿಗೆ ಲ್ಯಾಬು ಹೊಸ ಶಾಖೆ ತೆರೆಯುತ್ತಿತ್ತು. ಅದರ ಮನೆಭೇಟಿಯ ಮೇಲ್ವಿಚಾರಣೆಯನ್ನು ಆಕೆಗೇ ಕೊಡುವುದಾಗಿ ಅಲ್ಲಿಯ ಹಿರಿಯ ಮೇಡಂ ಹೇಳಿದ್ದರು. ಜಾವದ ಹೊತ್ತಿಗೆ ಅಲ್ಲಿಗೆ ಬಸ್ಸಿಲ್ಲ. ಆದ್ದರಿಂದ ಷರತ್ತು ಒಂದೇ, ಮುಂದಿನ ತಿಂಗಳ ಒಂದನೇ ತಾರೀಖಿನೊಳಗೆ ಕಾರು ಇರಬೇಕು, ತಾನೇ ಓಡಿಸಬೇಕು. ಇಂಥ ಅವಕಾಶ ಹಿಂದೆ ಎರಡು ಸಲ ಬಂದಿತ್ತು. ಎರಡು ಸಲವೂ ಬೈಕಿದ್ದ ಗಂಡಸರ ಪಾಲಾಗಿತ್ತು.

ಆದ್ದರಿಂದ ತಟ್ಟೆ ಎತ್ತುತ್ತಲೇ ಆಕೆ ತನಗೆ ಬೇಕಾದದ್ದನ್ನು ಹೇಳಿದಳು. ಕೂತರೆ ರಸ್ತೆ ಕಾಣುವಷ್ಟು ಎತ್ತರ ಇರಬೇಕು. ಡಿಕ್ಕಿಯಲ್ಲಿ ಐಸ್ ಪೆಟ್ಟಿಗೆ ಹಿಡಿಸಬೇಕು. ಜಾವದ ಹೊತ್ತಲ್ಲಿ ಸದ್ದು ಮಾಡಬಾರದು. ಭಾನುವಾರ ಇಬ್ಬರೂ ಹೋಗಿ ನೋಡೋಣ. ಮಾಸ್ಟರು ಹೂಂಗುಟ್ಟಿದರು. ಗುಂಡಿಯ ಬಣ್ಣದ ಬಗ್ಗೆ ಮಾತಾಡುವ ಗಿರಾಕಿಗೆ ಹೂಂಗುಟ್ಟುವ ಹಾಗೆ.

ಭಾನುವಾರದವರೆಗೆ ಅವರಿಗೆ ತಡೆಯಲಾಗಲಿಲ್ಲ. ಶುಕ್ರವಾರವೇ ಒಬ್ಬರೇ ಹಳೇ ಕಾರಿನ ಅಂಗಡಿಗೆ ಹೋದರು, ಸುಮ್ಮನೆ ಕಣ್ಣಾಡಿಸಿ ಬರಲು. ಕಣ್ಣು ಆಡಿತು, ಆಡಿ ಒಂದು ಕಡೆ ನಿಂತುಬಿಟ್ಟಿತು.

ಸಣ್ಣ ಕಾರು. ಮೆಣಸಿನಕಾಯಿ ಕೆಂಪು. ನೆತ್ತಿಯ ಮೇಲಿಂದ ಎರಡು ಕಪ್ಪು ಪಟ್ಟೆ, ಬೆನ್ನ ಮೇಲೆ ಒಂದು ರೆಕ್ಕೆ, ಹಿಂದೆ ಒನಕೆಯಷ್ಟು ದಪ್ಪದ ಹೊಗೆಕೊಳವೆ. ನೆಲಕ್ಕೆ ಎಷ್ಟು ಹತ್ತಿರವೆಂದರೆ ಇರುವೆಗಳು ಬಗ್ಗಿ ಹೋಗಬೇಕು. ಇಂಜಿನ್ನು ಮಾತ್ರ ಎಲ್ಲ ಸಣ್ಣ ಕಾರುಗಳಿಗೂ ಇರುವಂಥದ್ದೇ, ಸಾಧು ಪ್ರಾಣಿ. ಗೋಣಿಯ ಲೈನಿಂಗಿನ ಮೇಲೆ ರೇಷ್ಮೆ ಹೊಲಿದಿದ್ದರೆ ಮಾಸ್ಟರು ತಮ್ಮ ಅಂಗಡಿಯಲ್ಲಿ ತಕ್ಷಣ ಹಿಡಿಯುತ್ತಿದ್ದರು. ಆದರೆ ಇದು ಅವರ ಅಂಗಡಿಯಲ್ಲವಲ್ಲ.

ಯಾರು ಓಡಿಸುವುದೆಂದು ಅಂಗಡಿಯವನು ಕೇಳಿದ. ಹೊಸದಾಗಿ ಕಲಿತವರು ಎಂದರು ಮಾಸ್ಟರು. “ಮಗನಾ ಸಾರ್?” ಎಂದ. ಮಾಸ್ಟರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಬಾಗಿಲು ತೆಗೆದು ಒಳಗೆ ಕೂತರು. ಅದು ರೇಸಿನವರು ಹಾಕಿಸಿಕೊಳ್ಳುವ ಸೀಟು. ಎರಡು ಪಕ್ಕದಿಂದ ಎದ್ದು ಬಂದು ಸೊಂಟವನ್ನು ಅಪ್ಪಿಕೊಂಡಿತು. ಉದ್ದ ಕಾಲು ಚಾಚಿದರು, ಕ್ಲಚ್ಚು ಅಂಗಾಲಿಗೆ ತಾನಾಗಿ ಬಂದು ಒದಗಿತು. ಇಂಥ ಫಿಟ್ಟಿಂಗು ತಾವೇ ಹೊಲಿದ ಕೋಟಿಗೂ ಬಂದಿರಲಿಲ್ಲ ಎಂದು ಒಪ್ಪಿಕೊಳ್ಳುವಷ್ಟು ಅವರ ಮನಸ್ಸು ದೊಡ್ಡದಾಯಿತು. ಕನ್ನಡಿಯಲ್ಲಿ ಕಿವಿಯ ಮೇಲಿನ ನರೆ ಕೂಡ ಕಿಟಕಿಯ ಕಪ್ಪು ಗಾಜಿನ ಮಬ್ಬು ಬೆಳಕಿಗೆ ಕಾಣಲಿಲ್ಲ. ಹೆಂಡತಿ ಕೂಡಿಸಿಟ್ಟ ಹಣ ಅಲ್ಲೇ ಕೈ ಬದಲಾಯಿಸಿತು.

ಸಂಜೆ ಮಾಸ್ಟರು ಕಾರು ಓಡಿಸಿಕೊಂಡು ಬೀದಿಗೆ ಬಂದಾಗ ಎಲ್ಲ ಮನೆಗಳ ಕಿಟಕಿಯೂ ಅದುರಿತು. ಹೆಂಡತಿ ಹೆಗಲ ಮೇಲಿನ ಒದ್ದೆ ಬಟ್ಟೆಯ ಸಮೇತ ಹೊರಗೆ ಬಂದಳು. ಮಗಳು, ಕಾಲೇಜು ಓದುವವಳು, ಹಿಂದೆಯೇ ಬಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಹೊಸಬರ ಕಾರು ಮೆತ್ತಗಿರಬಾರದು, ನೋಡಿದವರು ಹೆದರಿ ದಾರಿ ಬಿಡುವಂತಿರಬೇಕು, ಅದೇ ನಿಜವಾದ ಸುರಕ್ಷತೆ ಎಂದು ಮಾಸ್ಟರು ವಿವರಿಸಿದರು. ಹೆಂಡತಿ ಒಂದು ಸುತ್ತು ಹಾಕಿ ಡಿಕ್ಕಿ ತೆಗೆದಳು. ಒಳಗೆ ಅಕ್ಕಿ ಡಬ್ಬಕ್ಕಿಂತ ದೊಡ್ಡ ಸ್ಪೀಕರು ಕೂತಿತ್ತು, ಅಲುಗಾಡದಂತೆ ಮೊಳೆ ಹೊಡೆಸಿಕೊಂಡು.

“ಐಸ್ ಪೆಟ್ಟಿಗೆ?”

“ಹಿಂದಿನ ಸೀಟಲ್ಲಿ ಇಟ್ಕೊಂಡ್ರಾಯ್ತು ಬಿಡೇ.”

ಆಕೆ ಒಳಗೆ ಕೂತಳು. ಕಾಲು ಚಾಚಿದಳು. ಕ್ಲಚ್ಚು ಇನ್ನೂ ಒಂದು ಗೇಣು ದೂರ, ಬೇರೆ ಊರಿನಲ್ಲಿದ್ದ ಹಾಗೆ. ಸೀಟನ್ನು ಮುಂದೆ ತನ್ನಿ ಎಂದಳು. ಮಾಸ್ಟರು ಬಗ್ಗಿ ಸೀಟಿನ ಅಡಿ ಕೈ ಹಾಕಿ, ಬಿದ್ದ ಸೂಜಿ ಹುಡುಕುವವರ ಹಾಗೆ ಬಹಳ ಹೊತ್ತು ತಡಕಾಡಿದರು. ಕೊನೆಗೆ ಅಂಗಡಿಯವನಿಗೆ ಫೋನು ಮಾಡಿದರು.

“ರೇಸ್ ಸೀಟಿಗೆ ಎಲ್ಲಿಂದ ಸಾರ್ ಹಿಂದೆ ಮುಂದೆ? ನೆಲಕ್ಕೇ ಬೋಲ್ಟು ಹಾಕಿದೆ. ಓಡಿಸೋರ ಅಳತೆಗೆ ಒಂದೇ ಸಲ ಕೂರಿಸೋದು ಅದು.”

“ಯಾರ ಅಳತೆಗೆ ಕೂರಿಸಿದ್ದೀರಪ್ಪ?”

“ನಿಮಗೆ ಸರಿಯಾಗಿ ಕೂತಿತ್ತಲ್ಲ ಸಾರ್!”

ಫೋನು ಜೋರಾಗಿತ್ತು, ಎಲ್ಲರಿಗೂ ಕೇಳಿಸಿತು. “ಅಪ್ಪಾ,” ಎಂದಳು ಮಗಳು ಮೆಲ್ಲಗೆ, “ಗಿರಾಕಿನ ಕರ್ಕೊಂಡೇ ಹೋಗಲಿಲ್ವಾ ನೀವು?”

ಸೋಲೊಪ್ಪುವ ಜಾತಿ ಮಾಸ್ಟರದಲ್ಲ. ಬಟ್ಟೆ ಸಡಿಲವಾದರೆ ಒಳಗೆ ಪ್ಯಾಡು ತುಂಬುವುದು ಅವರ ಕಸುಬಿನ ಮೊದಲ ಪಾಠ. ಮರುದಿನ ಮಧ್ಯಾಹ್ನ ಸೋಫಾದ ದಿಂಬುಗಳು ಹೊರಗೆ ಬಂದವು. ಬೆನ್ನಿಗೆ ಎರಡು, ರಸ್ತೆ ಕಾಣಲೆಂದು ಅಡಿಗೆ ಎರಡು. ದಿಂಬಿನ ಕವರುಗಳನ್ನು ಅವರೇ ಹೊಲಿದಿದ್ದರು, ಕೋಟಿನ ಲೈನಿಂಗಿಗೆ ತಂದು ಉಳಿದ ಸ್ಯಾಟಿನ್ ಬಟ್ಟೆಯಲ್ಲಿ. ಕೈಯಿಟ್ಟರೆ ಕೈ ಜಾರುವಷ್ಟು ನುಣುಪು. ಅವುಗಳ ಮೇಲೆ ಹೆಂಡತಿಯನ್ನು ಪ್ರತಿಷ್ಠಾಪಿಸಿ, ಮಾಸ್ಟರು ರಸ್ತೆಗಿಳಿದು ಸ್ಟಾರ್ಟ್ ಮಾಡಲು ಅಪ್ಪಣೆ ಕೊಟ್ಟರು.

ಕಾರು ಗುಡುಗಿತು, ಇಳಿಜಾರಿನಲ್ಲಿ ಮೆಲ್ಲಗೆ ಹೊರಟಿತು. ಆಕೆ ಗೇರು ಬದಲಿಸಲು ಕ್ಲಚ್ಚು ಒತ್ತಿದಳು. ಕಾಲು ಮುಂದೆ ಹೋಯಿತು, ಸ್ಯಾಟಿನ್ನಿನ ಮೇಲೆ ಉಳಿದ ದೇಹವೂ ಕಾಲನ್ನೇ ಹಿಂಬಾಲಿಸಿತು. ಮುಂದಿನ ಗಾಜಿನಲ್ಲಿ ಕಾಣುತ್ತಿದ್ದ ತಲೆ ಸೂರ್ಯಾಸ್ತದ ಹಾಗೆ ಇಳಿದು ಮರೆಯಾಯಿತು.

ಎದುರುಮನೆಯ ನಿವೃತ್ತ ಹೆಡ್‌ಮೇಡಂ ಗಿಡಗಳಿಗೆ ನೀರು ಬಿಡುತ್ತಿದ್ದರು. ಒಳಗೆ ಯಾರೂ ಇಲ್ಲದ ಕೆಂಪು ಕಾರೊಂದು ತಮ್ಮತ್ತ ಬರುವುದನ್ನು ಕಂಡರು. ಪ್ರಾರ್ಥನೆಗೆ ತಡವಾಗಿ ಬಂದ ಮಕ್ಕಳನ್ನು ನಿಲ್ಲಿಸಿ ಅಭ್ಯಾಸವಿದ್ದ ಅವರು ಜಾಗ ಬಿಟ್ಟು ಕದಲದೆ, ನೀರಿನ ಪೈಪನ್ನು ಅದರ ಮುಖಕ್ಕೇ ತಿರುಗಿಸಿದರು. ಮಾಸ್ಟರು ಎರಡೂ ಕೈ ಚಾಚಿ ಗೂಳಿ ಹಿಡಿಯುವವರ ಹಾಗೆ ಮುಂದೆ ಓಡಿ, ಆ ನೀರಿನಲ್ಲಿ ಜಾರಿ, ಕೂತರು. ಕಾರು ಅವರನ್ನು ದಾಟಿ, ಹೆಡ್‌ಮೇಡಂ ಮನೆಯ ಕಸದ ಡಬ್ಬಕ್ಕೆ ಮುತ್ತಿಟ್ಟು ನಿಂತಿತು. ಏಟು ಬಿದ್ದದ್ದು ಮುಂದೆ, ಕಳಚಿ ಬಿದ್ದದ್ದು ಹಿಂದಿನ ರೆಕ್ಕೆ. ಡಿಕ್ಕಿಯ ಸ್ಪೀಕರಿಗೆ ಆ ಕ್ಷಣದಲ್ಲಿ ಜೀವ ಬಂದು ಯಾವುದೋ ಕುಣಿತದ ಹಾಡು ಶುರುವಾಯಿತು.

ಹೆಂಡತಿ ಅಡಿಯಿಂದಲೇ ಕೈಗೆ ಸಿಕ್ಕ ಹ್ಯಾಂಡ್‌ಬ್ರೇಕನ್ನು ಎಳೆದಿದ್ದಳು. ಬಾಗಿಲು ತೆಗೆದು ತೆವಳಿ ಹೊರಬಂದು, ಕಟ್ಟೆಯ ಮೇಲೆ ಕೂತು ಮಂಡಿ ನೀವಿಕೊಂಡಳು. ಬೈಯುತ್ತಾಳೆ ಎಂದು ಮಾಸ್ಟರು ಸಿದ್ಧರಾಗಿದ್ದರು. ಅದಕ್ಕೆ ಉತ್ತರವನ್ನೂ ಹೊಂದಿಸಿಕೊಂಡಿದ್ದರು. ಆಕೆ ಬೈಯಲಿಲ್ಲ.

“ಒಂದನೇ ತಾರೀಖಿಗೆ ಆ ಕೆಲಸ ಇನ್ನೊಬ್ಬರಿಗೆ ಹೋಗುತ್ತೆ ರೀ,” ಎಂದಳು ಅಷ್ಟೇ.

ಮಾಸ್ಟರು ಕಳಚಿ ಬಿದ್ದ ರೆಕ್ಕೆಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಹಾಡು ಮಾತ್ರ ನಿಲ್ಲಿಸುವವರಿಲ್ಲದೆ ಮುಂದುವರಿಯುತ್ತಿತ್ತು.

ಕಾರಿನ ಅಂಗಡಿಯವನು ಬದಲಿ ಕೊಡಲು ಒಪ್ಪಿದ, ಆದರೆ ಬೇರೆ ಗಾಡಿಗಳು ಬರಲು ಒಂದು ತಿಂಗಳಾದರೂ ಬೇಕೆಂದ. ಹೆಂಡತಿ ಲ್ಯಾಬಿನ ಹಿರಿಯ ಮೇಡಂ ಬಳಿ ಹೋಗಿ, ಒಂದು ತಿಂಗಳ ಮಟ್ಟಿಗೆ ಡ್ರೈವರನ್ನು ಇಟ್ಟುಕೊಂಡು ಬರುತ್ತೇನೆ, ಆಮೇಲೂ ನಾನೇ ಓಡಿಸದಿದ್ದರೆ ಕೆಲಸ ಬೇರೆಯವರಿಗೆ ಕೊಡಿ ಎಂದು ಒಪ್ಪಿಸಿ ಬಂದಳು. ಯಾವ ಡ್ರೈವರು ಎಂದು ಮಾಸ್ಟರು ವಿಚಾರಿಸಿದರು. ಆ ಸೀಟಿಗೆ ಕಾಲು ಎಟುಕುವವರು ಈ ಮನೆಯಲ್ಲಿ ಒಬ್ಬರೇ ಎಂದು ಮಗಳು ನೆನಪಿಸಿದಳು.

ಸೂರ್ಯ ನೆತ್ತಿಗೆ ಬರುವ ಮುಂಚೆ ಕತ್ತರಿ ಹಿಡಿಯದ ಮಾಸ್ಟರು ನಸುಕಿನಲ್ಲಿ ಸ್ಟೇರಿಂಗು ಹಿಡಿದರು. ಅವರು ಏಳುವ ಹೊತ್ತಿಗೆ ಹೆಂಡತಿಯ ಅಡುಗೆ ಮುಗಿದು, ಮಗಳ ಊಟದ ಡಬ್ಬಿ ಕಟ್ಟಿಟ್ಟು, ಐಸ್ ಪೆಟ್ಟಿಗೆ ಬಾಗಿಲ ಬಳಿ ಬಂದಿರುತ್ತಿತ್ತು. ಇದೆಲ್ಲ ಯಾವಾಗ ಆಗುತ್ತದೆಂದು ಒಂದು ದಿನ ಕೇಳಬೇಕೆಂದುಕೊಂಡರು, ನಿದ್ದೆಗಣ್ಣಿನಲ್ಲಿ ಮರೆತರು. ಕಾರು ಹೋದ ಬೀದಿಯಲ್ಲೆಲ್ಲ ಸಾಲಾಗಿ ದೀಪ ಹತ್ತಿಕೊಳ್ಳುತ್ತಿತ್ತು. ಹೊಟ್ಟೆ ಖಾಲಿ ಇಟ್ಟುಕೊಂಡು ಕಾಯುತ್ತಿದ್ದವರ ಸಿಟ್ಟು ಗೇಟಿನಲ್ಲೇ ಎದುರಾಗುತ್ತಿತ್ತು. ಒಬ್ಬ ಹಿರಿಯರ ರಕ್ತದೊತ್ತಡ ಕಾರಿನ ಸದ್ದಿಗೇ ಏರಿದ್ದರಿಂದ, ಇನ್ನು ಬೀದಿಯ ಆಚೆ ಕೊನೆಯಲ್ಲೇ ನಿಲ್ಲಿಸಬೇಕೆಂದು ಹೆಂಡತಿ ಆಜ್ಞೆ ಮಾಡಿದಳು. ಅಲ್ಲಿಂದ ಪೆಟ್ಟಿಗೆ ಹೊತ್ತು ನಡೆಯುವವಳೂ ಆಕೆಯೇ. ಒಂದು ದಿನ ಮಾಸ್ಟರೇ ಇಳಿದು ಪೆಟ್ಟಿಗೆ ಎತ್ತಿದರು. ಹತ್ತು ಹೆಜ್ಜೆಗೆ ಕೈ ಬದಲಿಸಿದರು. ಇಷ್ಟು ಭಾರವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳೇ ಎಂಬ ಪ್ರಶ್ನೆ ಬಾಯಿಯವರೆಗೆ ಬಂದು, ನಾಚಿ, ಒಳಗೇ ಹೋಯಿತು.

ದೊಡ್ಡ ಅಪಾರ್ಟ್‌ಮೆಂಟೊಂದರಲ್ಲಿ ಕಾವಲಿನವನು ಅವರನ್ನು ಡ್ರೈವರುಗಳ ಬೆಂಚಿಗೆ ಕಳಿಸಿದ. ಅಲ್ಲಿದ್ದ ಹಿರಿಯ ಡ್ರೈವರು ಜಾಗ ಕೊಟ್ಟು, ಗಾಡಿ ಯಾರದೆಂದು ಕೇಳಿದ. ಮೇಡಂದು ಎಂದರು ಮಾಸ್ಟರು.

“ಮೇಡಂ ಒಳ್ಳೆಯವರಾ?”

ಮಾಸ್ಟರು ಯೋಚಿಸಿದರು. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. “ಒಳ್ಳೆಯವರೇ,” ಎಂದರು.

“ಸಂಬಳ ಸರಿಯಾಗಿ ಕೊಡ್ತಾರಾ?”

“ಅವರು ನನ್ನ ಹೆಂಡತಿ.”

ಹಿರಿಯ ಡ್ರೈವರು ಅವರನ್ನು ಆಳವಾದ ಅನುಕಂಪದಿಂದ ನೋಡಿದ. “ಅಯ್ಯೋ ಪಾಪ. ಹಾಗಾದ್ರೆ ರಜೆನೂ ಇಲ್ಲ ಬಿಡಿ.”

ಅಂಗಡಿಯವನಿಂದ ಫೋನು ಬಂದ ದಿನ ಹೆಂಡತಿ ಗಂಡನ ಕೊರಳಿನಿಂದ ಅಳತೆಯ ಟೇಪು ತೆಗೆದುಕೊಂಡು ಮುಂದೆ ನಡೆದಳು, ಮಾಸ್ಟರು ಹಿಂದೆ ನಡೆದರು. ಆಕೆ ಸೀಟಿನಿಂದ ಕ್ಲಚ್ಚಿಗೆ ಅಳೆದಳು, ಡಿಕ್ಕಿಯ ಬಾಯಿ ಅಳೆದಳು. ಪ್ರತಿ ಕಾರಿನಲ್ಲೂ ಕೂತು, ಸೀಟು ಸರಿಸಿ, ಕಾಲೂರಿ ನೋಡಿದಳು. ಕೊನೆಗೆ ನಿಂತದ್ದು ಒಂದು ಎತ್ತರದ, ಚೌಕಾಕಾರದ, ಧೂಳಿನ ಬಣ್ಣದ ಗಾಡಿಯ ಮುಂದೆ. ಅದನ್ನು ನೋಡಿ ಹೆದರುವುದಿರಲಿ, ಅದು ಅಲ್ಲಿದೆ ಎಂದು ಗಮನಿಸುವುದೂ ಕಷ್ಟ. ಅಂಗಡಿಯವನು ರೂಢಿಯಂತೆ ಮಾಸ್ಟರ ಕಡೆ ತಿರುಗಿ, ಸಾರ್ ಏನಂತೀರಿ ಎಂದ. ಮಾಸ್ಟರು ಬಾಯಿ ತೆರೆದರು. ಬಣ್ಣದ ಬಗ್ಗೆ ಹೇಳಲು ಬಹಳ ಇತ್ತು. ಬಾಯಿ ಮುಚ್ಚಿಕೊಂಡರು.

ಮೊದಲ ದಿನದ ನಸುಕಿಗೆ ಮಾಸ್ಟರು ರೂಢಿಯಿಂದ ಎಚ್ಚರವಾಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನಲ್ಲಿ ನಿಂತಿದ್ದರು. ಹೆಂಡತಿ ಡಿಕ್ಕಿಯಲ್ಲಿ ಪೆಟ್ಟಿಗೆ ಇಟ್ಟು, ಸೀಟನ್ನು ಒಂದು ಹಲ್ಲು ಮುಂದೆ ತಂದು ಬೆಲ್ಟು ಹಾಕಿಕೊಂಡಳು. ಮಾಸ್ಟರು ಎಡಗಡೆಯ ಬಾಗಿಲಿಗೆ ಕೈ ಹಾಕಿದರು.

“ನೀವೆಲ್ಲಿಗೆ?”

“ಹೊಸ ಗಾಡಿ, ಮೊದಲ ದಿನ... ಪಕ್ಕದಲ್ಲಿ ಯಾರಾದ್ರೂ ಇದ್ರೆ...”

“ಬೇಡ. ಹೇಗೂ ಎದ್ದಿದ್ದೀರಿ, ಮಗಳ ಡಬ್ಬಿ ಇನ್ಮೇಲೆ ನಿಮ್ದು. ಇವತ್ತು ನಾನು ಏನೂ ಮಾಡಿಲ್ಲ.”

ಮಾಸ್ಟರು ಬಾಗಿಲಿನಿಂದ ಕೈ ತೆಗೆದರು. “ಏನು ಮಾಡ್ಲಿ?”

“ಏನು ಬೇಕಾದ್ರೂ ಮಾಡಿ. ತಿನ್ನೋಳು ಅವಳು, ಅಷ್ಟು ನೆನಪಿರಲಿ.”

ಕಾರು ಹೊರಟಿತು. ಎಷ್ಟು ಸದ್ದಿಲ್ಲದೆ ಎಂದರೆ, ಅದು ತಿರುವು ದಾಟಿದ ಮೇಲೆಯೇ ಹೋಯಿತೆಂದು ಅವರಿಗೆ ತಿಳಿದದ್ದು. ಒಂದೇ ಒಂದು ಕಿಟಕಿಯಲ್ಲೂ ದೀಪ ಹತ್ತಲಿಲ್ಲ.

ಮಾಸ್ಟರು ಅಡುಗೆಮನೆಗೆ ಹೋಗಿ ದೀಪ ಹಾಕಿದರು. ಬಾಣಲೆಗಳನ್ನೆಲ್ಲ ಸಾಲಾಗಿ ನೋಡಿದರು, ಅತಿ ದೊಡ್ಡದನ್ನೂ ಅತಿ ಹೊಳೆಯುವುದನ್ನೂ ಇಳಿಸಿದರು. ಭಾರೀ ಏನೋ ಒಂದನ್ನು ಮಾಡಿ ಮನೆಯನ್ನೇ ಬೆರಗುಗೊಳಿಸುವುದೆಂದು ತೀರ್ಮಾನಿಸಿ ಅಂಗಿಯ ತೋಳು ಮಡಚಿದರು. ತೋಳು ಮಡಚಿಕೊಂಡು ಹಾಗೆಯೇ ಸ್ವಲ್ಪ ಹೊತ್ತು ನಿಂತರು. ಆಮೇಲೆ ಬಾಣಲೆಗಳನ್ನು ಅಲ್ಲೇ ಬಿಟ್ಟು, ಮಗಳ ಕೋಣೆಯ ಬಾಗಿಲಿಗೆ ಹೋಗಿ ಮೆಲ್ಲಗೆ ತಟ್ಟಿದರು.

“ಡಬ್ಬಿಗೆ ನಿನಗೇನು ಬೇಕಮ್ಮಾ?”

ಒಳಗೆ ಮಂಚ ಕಿರುಗುಟ್ಟಿತು. ಬರಿಗಾಲಿನ ಓಟದ ಸದ್ದು. ಬಾಗಿಲು ತೆರೆದಾಗ ಮಗಳ ಮುಖ ಬಿಳಿಚಿಕೊಂಡಿತ್ತು.

“ಅಪ್ಪಾ,” ಎಂದಳು, “ನಿಜ ಹೇಳಿ, ಯಾರಿಗೆ ಏನಾಯ್ತು?”